ಜಿಬ್ರೀಲ್ ಎಂದರೆ ನಮ್ಮ ಗಬ್ರಿಯೇಲನೇ? – ಇಸ್ಲಾಮಿನ ವಿಶ್ವಾಸದಲ್ಲಿ ದೇವದೂತರು



ಸೆಪ್ಟೆಂಬರ್ 29ರಂದು ನಮ್ಮ ಧರ್ಮಸಭೆಯು ಮಹಾದೂತರಾದ ಸಂತ ಮಿಕಾಯೇಲ, ಸಂತ ಗಬ್ರಿಯೇಲ ಹಾಗೂ ಸಂತ ರಫಾಯೇಲರ ಹಬ್ಬವನ್ನು ಆಚರಿಸುತ್ತದೆ. ಅದಾಗಿ ಮೂರು ದಿನಕ್ಕೆ, ಅಕ್ಟೋಬರ್ 2ರಂದು, ಕಾವಲುದೂತರ ಸ್ಮರಣೆ. ಹಿರಿಯರಿಗೆ ನೆನಪಿರಬಹುದು, ಹಿಂದೆ ಈ ಮೂವರಿಗೂ ಬೇರೆ ಬೇರೆ ದಿನಗಳಿದ್ದವು. ಗಬ್ರಿಯೇಲರ ಹಬ್ಬ ಮಾರ್ಚ್ 24ಕ್ಕೆ, ರಫಾಯೇಲರದು ಅಕ್ಟೋಬರ್ 24ಕ್ಕೆ ಬರುತ್ತಿತ್ತು. 1969ರಲ್ಲಿ ಪೂಜಾ ಪಂಚಾಂಗವನ್ನು ಪರಿಷ್ಕರಿಸಿದಾಗ ಮೂವರನ್ನೂ ಒಂದೇ ದಿನಕ್ಕೆ ಸೇರಿಸಲಾಯಿತು.

ಈ ಹಬ್ಬದ ಸಿದ್ಧತೆಗಾಗಿ ಧರ್ಮೋಪದೇಶದ ಮಕ್ಕಳಿಗೆ ದೇವದೂತರ ಬಗ್ಗೆ ಹೇಳುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತಳು. “ಫಾದರ್, ಶಾಲೆಯಲ್ಲಿ ನನ್ನ ಪಕ್ಕ ಕೂರುವ ಗೆಳತಿ ಮುಸ್ಲಿಮ್. ಅವರಿಗೂ ಗಬ್ರಿಯೇಲ ಇದ್ದಾನಂತೆ. ಅವನು ನಮ್ಮವನೇನಾ?” ಎಂದು ಕೇಳಿದಳು. ತರಗತಿ ಮುಗಿದ ಮೇಲೆ ಅವಳ ತಾಯಿ ಬಂದು, “ಸ್ವಾಮಿ, ಹಾಗೆಲ್ಲ ಒಪ್ಪಬಹುದಾ? ಅದು ಸುಳ್ಳು ದೂತ ಅಂತ ಒಂದು ಪ್ರಾರ್ಥನಾ ಕೂಟದಲ್ಲಿ ಹೇಳಿದ್ದು ಕೇಳಿದ್ದೇನೆ” ಎಂದರು. ಮಗಳದು ಸರಳ ಪ್ರಶ್ನೆ, ತಾಯಿಯದು ಭಾರವಾದದ್ದು. ಎರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಮೊದಲು ನಮ್ಮ ಮುಸ್ಲಿಮ್ ಬಾಂಧವರು ದೇವದೂತರ ಬಗ್ಗೆ ಏನು ನಂಬುತ್ತಾರೆ ಎಂಬುದನ್ನು ಅವರು ಹೇಳುವ ಹಾಗೆಯೇ ಕೇಳಿಸಿಕೊಳ್ಳೋಣ.

ಅರಬ್ಬಿಯಲ್ಲಿ ದೇವದೂತನಿಗೆ ‘ಮಲಕ್’ ಎನ್ನುತ್ತಾರೆ, ಬಹುವಚನ ‘ಮಲಾಇಕಾ’. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದೇ ಬೇರಿನ ‘ಮಲಾಖ್’ ಇದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಆಂಗೆಲೊಸ್’. ಮೂರಕ್ಕೂ ಅರ್ಥ ಒಂದೇ, ಕಳುಹಿಸಲ್ಪಟ್ಟವನು, ಸುದ್ದಿ ತರುವವನು, ಅಂದರೆ ದೂತ. ಮನೆಯಲ್ಲಿ ಉರ್ದು ಮಾತನಾಡುವ ಮುಸ್ಲಿಮರು ‘ಫರಿಶ್ತಾ’ ಎನ್ನುವುದನ್ನು ನೀವು ಕೇಳಿರುತ್ತೀರಿ, ಅದು ಪಾರಸಿ ಮೂಲದ ಪದ. ಕನ್ನಡದ ಇಸ್ಲಾಮೀ ಪುಸ್ತಕಗಳಲ್ಲಿ ‘ಮಲಕ್’ ಎಂದೇ ಬರೆಯುವುದುಂಟು, ‘ದೇವಚರ’ ಎಂದು ಬರೆಯುವುದೂ ಉಂಟು.

ಇಸ್ಲಾಮಿನಲ್ಲಿ ದೂತರು ಕಥೆಗೆ ಸೊಬಗು ಕೊಡಲು ಬಂದವರಲ್ಲ. ಮುಸ್ಲಿಮನು ನಂಬಲೇಬೇಕಾದ ಆರು ಸಂಗತಿಗಳಲ್ಲಿ ದೇವರ ನಂತರ ಎರಡನೆಯ ಸ್ಥಾನ ದೂತರದು. ಆ ಮೇಲೆ ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ ಹಾಗೂ ದೈವ ಸಂಕಲ್ಪ. ಈ ಆರರ ಪಟ್ಟಿ ದೊರೆಯುವುದೂ ಒಬ್ಬ ದೂತನ ಭೇಟಿಯ ಪ್ರಸಂಗದಲ್ಲೇ. ಪ್ರವಾದಿ ಮುಹಮ್ಮದರ ಬಳಿಗೆ ಒಂದು ದಿನ ಅಚ್ಚ ಬಿಳಿಯ ಬಟ್ಟೆಯುಟ್ಟ, ಕಡುಗಪ್ಪು ಕೂದಲಿನ ಒಬ್ಬ ಅಪರಿಚಿತ ಬಂದನಂತೆ. ದೂರದಿಂದ ಬಂದವನೆನ್ನಲು ಮೈಮೇಲೆ ಪ್ರಯಾಣದ ಧೂಳಿಲ್ಲ, ಊರವನೆನ್ನಲು ಯಾರಿಗೂ ಗುರುತಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ಶರಣಾಗತಿ ಎಂದರೇನು, ವಿಶ್ವಾಸ ಎಂದರೇನು ಎಂದು ಒಂದೊಂದಾಗಿ ಕೇಳಿದ. ಉತ್ತರ ಬಂದಾಗಲೆಲ್ಲ ಸರಿಯೆಂದು ತಲೆದೂಗಿದ. ಅವನು ಹೊರಟುಹೋದ ಮೇಲೆ, ಬಂದಿದ್ದವನು ಜಿಬ್ರೀಲ್, ನಿಮಗೆ ಧರ್ಮವನ್ನು ಕಲಿಸಲು ಬಂದಿದ್ದ ಎಂದು ಪ್ರವಾದಿಯವರು ತಿಳಿಸಿದರಂತೆ. ಮುಂದೆ ಖಲೀಫರಾದ ಉಮರ್ ಇದನ್ನು ವರದಿ ಮಾಡಿದ್ದಾರೆ. ಹೀಗೆ ಪ್ರವಾದಿಯವರ ಮಾತು ಹಾಗೂ ನಡೆಯ ಬಗ್ಗೆ ಉಳಿದು ಬಂದಿರುವ ವರದಿಗಳಿಗೆ ‘ಹದೀಸ್’ ಎನ್ನುತ್ತಾರೆ. ಕುರ್‌ಆನಿನ ನಂತರ ಮುಸ್ಲಿಮರಿಗೆ ಅವೇ ಪ್ರಮಾಣ.

ದೂತರ ಸ್ವಭಾವದ ಬಗ್ಗೆ ಅವರ ಬೋಧನೆ ಬಹಳ ಸ್ಪಷ್ಟ. ದೂತರನ್ನು ದೇವರು ಬೆಳಕಿನಿಂದಲೂ, ಜಿನ್ನ್‌ಗಳನ್ನು ಹೊಗೆಯಿಲ್ಲದ ಬೆಂಕಿಯಿಂದಲೂ, ಆದಾಮನನ್ನು ಮಣ್ಣಿನಿಂದಲೂ ಸೃಷ್ಟಿಸಿದರು. ದೂತರಿಗೆ ಎರಡು, ಮೂರು, ನಾಲ್ಕು ರೆಕ್ಕೆಗಳುಂಟು. ಹಗಲಿರುಳು ದಣಿಯದೆ ದೇವರ ಸ್ತುತಿ ಮಾಡುತ್ತಾರೆ. ಅಪ್ಪಣೆಯಾದುದನ್ನು ಮಾಡುತ್ತಾರೆ, ಅದನ್ನು ಮೀರುವುದಿಲ್ಲ. ಅವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮೆಕ್ಕಾದ ಜನರು ದೂತರನ್ನು ದೇವರ ಹೆಣ್ಣುಮಕ್ಕಳೆಂದು ಕರೆಯುತ್ತಿದ್ದುದನ್ನು ಕುರ್‌ಆನ್ ಕಟುವಾಗಿ ಖಂಡಿಸುತ್ತದೆ. ಆದಕಾರಣ ಮುಸ್ಲಿಮರು ದೂತರಿಗೆ ಪ್ರಾರ್ಥಿಸುವುದಿಲ್ಲ. ನಾವು ಸಂತ ಮಿಕಾಯೇಲರ ಬಿನ್ನಹವನ್ನು ಕೋರುವ ಹಾಗೆ ಅವರು ಮೀಕಾಈಲನನ್ನು ಕೋರುವುದಿಲ್ಲ. ಆದರೂ ದೂತರು ತಾವಾಗಿಯೇ ಭೂಮಿಯ ವಿಶ್ವಾಸಿಗಳಿಗಾಗಿ ದೇವರಲ್ಲಿ ಕ್ಷಮೆ ಬೇಡುತ್ತಾರೆಂದು ಕುರ್‌ಆನಿನಲ್ಲಿಯೇ ಇದೆ (40:7). ನಾವು ಕೇಳಿ ಪಡೆಯುವುದನ್ನು ಅವರು ಕೇಳದೆಯೇ ಪಡೆಯುತ್ತಾರೆ ಎನ್ನಬಹುದೇನೋ!

ಹೆಸರುಗಳ ವಿಷಯ. ನಮ್ಮ ಮೂವರು ಮಹಾದೂತರಲ್ಲಿ ಇಬ್ಬರ ಹೆಸರು ಕುರ್‌ಆನಿನಲ್ಲಿದೆ, ಜಿಬ್ರೀಲ್ ಮತ್ತು ಮೀಕಾಈಲ್. ಪ್ರಕಟನಾ ಗ್ರಂಥದಲ್ಲಿ ನಮ್ಮ ಮಿಕಾಯೇಲ ಘಟಸರ್ಪದೊಡನೆ ಯುದ್ಧ ಮಾಡುವ ವೀರ. ಮುಸ್ಲಿಮ್ ಸಂಪ್ರದಾಯದಲ್ಲಿ ಮೀಕಾಈಲನಿಗೆ ಒಪ್ಪಿಸಿರುವ ಕೆಲಸ ಮಳೆ ಹಾಗೂ ಅನ್ನದ್ದು. ನಮ್ಮವನ ಕೈಯಲ್ಲಿ ಖಡ್ಗ, ಅವರವನ ಕೈಯಲ್ಲಿ ಮುಗಿಲು. ಮಳೆಗಾಗಿ ಕಾಯುವ ರೈತರಿರುವ ನಮ್ಮ ಹಳ್ಳಿಯ ಧರ್ಮಕೇಂದ್ರಗಳಲ್ಲಿ ಯಾರಿಗೆ ಹೆಚ್ಚು ಬೇಡಿಕೆ ಬರುತ್ತಿತ್ತೋ ನಾನು ಹೇಳಲಾರೆ. ರಫಾಯೇಲನ ಹೆಸರು ಕುರ್‌ಆನಿನಲ್ಲಿಲ್ಲ. ಅಂತ್ಯಕಾಲದ ಕಹಳೆಯನ್ನು ಊದುವ ‘ಇಸ್ರಾಫೀಲ್’ ಎಂಬ ದೂತನೇ ಇವನೆಂದು ಹೆಸರಿನ ಧ್ವನಿ ಕೇಳಿ ಕೆಲವರು ಭಾವಿಸುವುದುಂಟು. ಆದರೆ ತೋಬಿತನ ಮಗನಿಗೆ ದಾರಿ ತೋರಿ, ಕುರುಡು ತಂದೆಗೆ ಕಣ್ಣು ಬರಿಸಿದ ನಮ್ಮ ರಫಾಯೇಲನ ಕೆಲಸವೇ ಬೇರೆ. ಜೀವ ಒಯ್ಯುವ ‘ಮರಣದ ದೂತ’ ಕುರ್‌ಆನಿನಲ್ಲಿದ್ದಾನೆ. ಜನ ಬಳಸುವ ‘ಇಜ್ರಾಈಲ್’ ಎಂಬ ಹೆಸರು ಮಾತ್ರ ಅಲ್ಲಿಲ್ಲ, ಅದು ನಂತರದ ಸಂಪ್ರದಾಯದ್ದು. ಇದಕ್ಕೆ ನಾವು ನಗುವಂತಿಲ್ಲ. ನಮ್ಮಲ್ಲೂ ದೂತರಿಗೆ ಇಷ್ಟಬಂದ ಹೆಸರಿಡುವ ಚಪಲ ಇರುವುದರಿಂದಲೇ, ಪವಿತ್ರ ಗ್ರಂಥದಲ್ಲಿರುವ ಮೂರು ಹೆಸರುಗಳ ಹೊರತು ಬೇರೆ ಹೆಸರುಗಳನ್ನು ಬಳಸುವುದು ಬೇಡವೆಂದು ರೋಮ್ ನಗರದ ದೈವಾರಾಧನಾ ವಿಭಾಗವು 2001ರಲ್ಲಿ ಜನಪದ ಭಕ್ತಿಯ ಕುರಿತ ಮಾರ್ಗದರ್ಶಿಯಲ್ಲಿ ತಿಳಿಸಬೇಕಾಯಿತು.

ಅಬ್ರಹಾಮನ ಮನೆಗೆ ಬಂದ ಮೂವರು ಅತಿಥಿಗಳ ಪ್ರಸಂಗ ನಿಮಗೆ ಗೊತ್ತು. ಆದಿಕಾಂಡದಲ್ಲಿ ಮಮ್ರೆಯ ಮರದ ನೆರಳಲ್ಲಿ ಅವರು ಕರುವಿನ ಮಾಂಸ, ಹಾಲು, ಬೆಣ್ಣೆಯ ಊಟ ಮಾಡುತ್ತಾರೆ. ಕುರ್‌ಆನಿನಲ್ಲೂ ಅಬ್ರಹಾಮ ಹುರಿದ ಕರುವನ್ನು ತಂದಿಡುತ್ತಾನೆ, ಆದರೆ ಅತಿಥಿಗಳ ಕೈ ಊಟದತ್ತ ಚಾಚುವುದಿಲ್ಲ. ಉಣ್ಣದ ಅತಿಥಿಯನ್ನು ಕಂಡು ಅಬ್ರಹಾಮನಿಗೆ ಅಂಜಿಕೆಯಾಗುತ್ತದೆ, ಆಗ ಅವರು ತಾವು ದೂತರೆಂದು ತಿಳಿಸುತ್ತಾರೆ. ಬೆಳಕಿನ ಜೀವಿಗಳಿಗೆ ಹಸಿವೆಲ್ಲಿಯದು? ನಮ್ಮ ತೋಬಿತನ ಗ್ರಂಥವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ತಾನು ಉಂಡಂತೆ ಕಂಡದ್ದು ಬರಿಯ ನೋಟವೆಂದು ರಫಾಯೇಲನು ಕೊನೆಗೆ ತಿಳಿಸುತ್ತಾನೆ (12:19). ಪುನರುತ್ಥಾನರಾದ ಪ್ರಭುಯೇಸು ಶಿಷ್ಯರ ಕಣ್ಣೆದುರಿಗೇ ಸುಟ್ಟ ಮೀನನ್ನು ತೆಗೆದುಕೊಂಡು ಉಂಡದ್ದು ಏಕೆ ಅಷ್ಟು ಮುಖ್ಯ ಎಂಬುದು ಇಲ್ಲಿ ಹೊಳೆಯುತ್ತದೆ.

ಸೈತಾನನ ವಿಷಯದಲ್ಲಿ ನಮಗೂ ಅವರಿಗೂ ವ್ಯತ್ಯಾಸವಿದೆ. ಮನುಷ್ಯನನ್ನು ಸೃಷ್ಟಿಸುವೆನೆಂದು ದೇವರು ಹೇಳಿದಾಗ, ಭೂಮಿಯಲ್ಲಿ ಕೇಡು ಮಾಡಿ ರಕ್ತ ಸುರಿಸುವವನನ್ನೇ ಇಡುವಿರಾ ಎಂದು ದೂತರು ಕೇಳುತ್ತಾರೆ. ದೇವರು ಆದಾಮನಿಗೆ ಎಲ್ಲದರ ಹೆಸರುಗಳನ್ನು ಕಲಿಸುತ್ತಾರೆ. ದೂತರಿಗೆ ತಿಳಿಯದ ಹೆಸರುಗಳನ್ನು ಮಣ್ಣಿನ ಮನುಷ್ಯ ಹೇಳುತ್ತಾನೆ. ಆಗ ದೇವರ ಅಪ್ಪಣೆಯಂತೆ ದೂತರೆಲ್ಲರೂ ಆದಾಮನಿಗೆ ಬಾಗುತ್ತಾರೆ. ಇದು ಗೌರವವೇ ಹೊರತು ಆರಾಧನೆಯಲ್ಲ ಎಂಬುದು ಮುಸ್ಲಿಮ್ ವಿದ್ವಾಂಸರ ವಿವರಣೆ. ಬಾಗದವನು ಒಬ್ಬನೇ, ಇಬ್ಲೀಸ್. ತಾನು ಬೆಂಕಿಯವನು, ಅವನು ಮಣ್ಣಿನವನು ಎಂಬುದು ಅವನ ಗರ್ವ. ನಮ್ಮ ಬೋಧನೆಯಲ್ಲಿ ಸೈತಾನನು ಬಿದ್ದುಹೋದ ದೂತ. ಕುರ್‌ಆನ್ ಇಬ್ಲೀಸನನ್ನು ಜಿನ್ನ್‌ಗಳಲ್ಲಿ ಒಬ್ಬನೆಂದು ಕರೆಯುತ್ತದೆ (18:50). ಅವನೂ ಮೊದಲು ದೂತನೇ ಆಗಿದ್ದನೆಂದು ಹೇಳಿದ ವ್ಯಾಖ್ಯಾನಕಾರರು ಅವರಲ್ಲೂ ಇದ್ದರು, ಆದರೆ ದೂತನು ಅವಿಧೇಯನಾಗಲಾರ ಎಂಬ ತಿಳಿವಳಿಕೆಯೇ ಗಟ್ಟಿಯಾಗಿ ನಿಂತಿತು. ಹಿಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ದೂತರೆಲ್ಲರೂ ಬಾಗುವುದು ಹೊಸ ಆದಾಮನಾದ ಕ್ರಿಸ್ತನ ಮುಂದೆ, ಮತ್ತು ಅದು ಆರಾಧನೆಯೇ.

ಇನ್ನು ನಿತ್ಯಜೀವನಕ್ಕೆ ಬರೋಣ. ಇಲ್ಲಿಯೇ ಮುಸ್ಲಿಮರ ದೂತರು ನಮಗೆ ಹೆಚ್ಚಾಗಿ ಕಾಣಸಿಗುವುದು. ಪ್ರತಿಯೊಬ್ಬನ ಬಲಕ್ಕೂ ಎಡಕ್ಕೂ ಒಬ್ಬೊಬ್ಬ ದೂತನಿದ್ದು ನಡೆನುಡಿಗಳನ್ನೆಲ್ಲ ಬರೆದಿಡುತ್ತಾರೆಂದು ಅವರ ನಂಬಿಕೆ. ಅವರನ್ನು ಗೌರವಾನ್ವಿತ ಲೇಖಕರು ಎನ್ನುತ್ತಾರೆ. ಪೊಲೀಸರ ಡೈರಿಯಂಥದ್ದೆಂದು ತಿಳಿಯಬೇಡಿ, ಏಕೆಂದರೆ ಲೆಕ್ಕದ ನಿಯಮ ಕೇಳಿದರೆ ಆಶ್ಚರ್ಯವಾಗುತ್ತದೆ. ಒಳ್ಳೆಯದನ್ನು ಮಾಡಲು ಮನಸ್ಸು ಮಾಡಿ ಮಾಡಲಾಗದಿದ್ದರೂ ಒಂದು ಪುಣ್ಯ ಬರೆಯಲಾಗುತ್ತದೆ, ಮಾಡಿದರೆ ಹತ್ತು, ಏಳು ನೂರರವರೆಗೂ ಹೆಚ್ಚಬಹುದು. ಕೆಟ್ಟದ್ದನ್ನು ಯೋಚಿಸಿ ದೇವರ ಭಯದಿಂದ ಕೈಬಿಟ್ಟರೆ ಅದೂ ಒಂದು ಪುಣ್ಯ. ಮಾಡಿಯೇ ಬಿಟ್ಟರೆ ಒಂದೇ ಒಂದು ಪಾಪ. ಇಷ್ಟು ಧಾರಾಳದ ಲೆಕ್ಕಪತ್ರವನ್ನು ಯಾವ ಸಹಕಾರ ಸಂಘದಲ್ಲೂ ಕಾಣಲಾರೆವು.

ಕಾಯುವ ದೂತರೂ ಇದ್ದಾರೆ. ಮನುಷ್ಯನ ಮುಂದೆಯೂ ಹಿಂದೆಯೂ ದೇವರ ಅಪ್ಪಣೆಯಂತೆ ಕಾವಲಿರುವವರ ಬಗ್ಗೆ ಕುರ್‌ಆನ್ ಹೇಳುತ್ತದೆ (13:11). ದೂತರು ಪಾಳಿಯ ಮೇಲೆ ಕೆಲಸ ಮಾಡುತ್ತಾರೆಂದು ಒಂದು ಹದೀಸ್ ಇದೆ. ರಾತ್ರಿಯವರೂ ಹಗಲಿನವರೂ ಮುಂಜಾನೆಯ ಹಾಗೂ ಸಂಜೆ ಮುಂಚಿನ ನಮಾಜಿನ ವೇಳೆ ಸಂಧಿಸುತ್ತಾರೆ. ಮೇಲೇರಿದವರನ್ನು ದೇವರು, ಎಲ್ಲವನ್ನೂ ಬಲ್ಲವರಾಗಿದ್ದರೂ, ನನ್ನ ಭಕ್ತರನ್ನು ಹೇಗೆ ಬಿಟ್ಟು ಬಂದಿರಿ ಎಂದು ವಿಚಾರಿಸುತ್ತಾರೆ. ಹೋದಾಗಲೂ ಬಂದಾಗಲೂ ಅವರು ಪ್ರಾರ್ಥನೆಯಲ್ಲಿದ್ದರೆಂದು ದೂತರು ವರದಿ ಒಪ್ಪಿಸುತ್ತಾರೆ. ನಸುಕಿನಲ್ಲಿ ಮಸೀದಿಯ ಬಾಂಗ್ ಕೇಳಿ ನಿದ್ದೆ ಕೆಟ್ಟಿತೆಂದು ಗೊಣಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನಮಾಜಿನ ಕೊನೆಯಲ್ಲಿ ಅವರು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಶಾಂತಿ ಕೋರುವುದನ್ನು ನೀವು ನೋಡಿರಬಹುದು. ಒಬ್ಬನೇ ಪ್ರಾರ್ಥಿಸುವಾಗಲೂ ಹೀಗೆಯೇ ಮಾಡುತ್ತಾನೆ. ಯಾರಿಗೆ ಆ ಶಾಂತಿ? ಪಕ್ಕದಲ್ಲಿರುವ ಸಹೋದರರಿಗೆ, ಜೊತೆಗೆ ದೂತರಿಗೆ ಎಂದು ಅವರ ಗುರುಗಳು ವಿವರಿಸುತ್ತಾರೆ. ನಾಯಿ ಅಥವಾ ಜೀವಿಗಳ ಚಿತ್ರ ಇರುವ ಮನೆಗೆ ದೂತರು ಬರುವುದಿಲ್ಲವೆಂಬ ಹದೀಸೂ ಇದೆ. ಕಾವಲಿಗೆ ಹಾಗೂ ಬೇಟೆಗೆ ನಾಯಿ ಸಾಕಲು ಅನುಮತಿ ಇದ್ದರೂ, ಮನೆಯೊಳಗೆ ನಾಯಿ ಬೇಡವೆನ್ನುವವರು ಹೆಚ್ಚು. ನಿಮ್ಮ ಮನೆಗೆ ಬಂದ ಮುಸ್ಲಿಮ್ ಗೆಳೆಯನು ನಮಾಜಿಗೆಂದು ಚಿತ್ರಪಟಗಳಿಲ್ಲದ ಕೋಣೆಯನ್ನು ಕೇಳಿದರೆ ಅದು ನಮ್ಮ ಸಂತರಿಗೆ ಮಾಡಿದ ಅವಮಾನವೆಂದು ಮುನಿಸಿಕೊಳ್ಳಬೇಡಿ. ದೂತರು ಬರಲೆಂದು ಅವನ ಆಸೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕ್ರಿಸ್ತಶಕ 610ರ ಸುಮಾರಿಗೆ ಮೆಕ್ಕಾದ ಬಳಿಯ ಹಿರಾ ಗುಹೆಯಲ್ಲಿ ಧ್ಯಾನದಲ್ಲಿದ್ದ ಮುಹಮ್ಮದರನ್ನು ದೂತನೊಬ್ಬ ಬಿಗಿಯಾಗಿ ಅಪ್ಪಿ ಹಿಡಿದು, ಓದು ಎಂದು ಆಜ್ಞಾಪಿಸಿದನೆಂಬುದು ಇಸ್ಲಾಮಿನ ನಂಬಿಕೆ. ನಡುಗುತ್ತಾ ಮನೆಗೆ ಬಂದ ಅವರನ್ನು ಪತ್ನಿ ಖದೀಜಾ ಹೊದಿಕೆ ಹೊದಿಸಿ ಸಂತೈಸಿದರು. ಬಳಿಕ ತಮ್ಮ ಬಂಧು ವರಖಾ ಎಂಬ ವೃದ್ಧರ ಬಳಿಗೆ ಕರೆದೊಯ್ದರು. ಈ ವರಖಾ ಕ್ರೈಸ್ತರು ಎಂಬುದು ಗಮನಾರ್ಹ. ಮೋಶೆಯ ಬಳಿಗೆ ಬಂದವನೇ ಇವನು ಎಂದು ಅವರು ಹೇಳಿದರೆಂದು ಮುಸ್ಲಿಮರ ಹದೀಸೇ ತಿಳಿಸುತ್ತದೆ. ಅಂದಿನಿಂದ ಸುಮಾರು 23 ವರ್ಷಗಳ ಕಾಲ ಜಿಬ್ರೀಲನು ಕುರ್‌ಆನನ್ನು ತಂದು ಒಪ್ಪಿಸಿದನೆಂದು ಅವರು ನಂಬುತ್ತಾರೆ. ರಂಜಾನಿನ ಕೊನೆಯ ದಿನಗಳಲ್ಲಿ, ನಮ್ಮಲ್ಲಿ ಹೆಚ್ಚಾಗಿ 27ನೆಯ ರಾತ್ರಿ, ಮಸೀದಿಗಳಲ್ಲಿ ಬೆಳಗಿನವರೆಗೆ ಪ್ರಾರ್ಥನೆ ನಡೆಯುವುದು ಆ ಅವತರಣದ ನೆನಪಿಗೆ. ಆ ರಾತ್ರಿ ದೂತರು ಭೂಮಿಗೆ ಇಳಿದು ಬರುತ್ತಾರೆಂದು ಅವರ ವಿಶ್ವಾಸ.

ಗಲಾತ್ಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು, ಸ್ವರ್ಗದಿಂದ ಬಂದ ದೂತನೇ ಬೇರೊಂದು ಶುಭಸಂದೇಶ ಸಾರಿದರೂ ಒಪ್ಪಬೇಡಿರೆಂದು ಖಡಾಖಂಡಿತವಾಗಿ ಎಚ್ಚರಿಸಿದ್ದಾರೆ (1:8). ಪ್ರಾರ್ಥನಾ ಕೂಟಗಳಲ್ಲಿ ಕೆಲವರು ಕೈಗೆತ್ತಿಕೊಳ್ಳುವುದು ಇದೇ ವಾಕ್ಯವನ್ನು. ಆದರೆ ಪೌಲರು ಅದನ್ನು ಬರೆದದ್ದು ಯಾರಿಗೆ? ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎಂದು ಕ್ರೈಸ್ತರನ್ನು ಕಲಕುತ್ತಿದ್ದ ಕ್ರೈಸ್ತ ಬೋಧಕರ ವಿರುದ್ಧ, ಗಲಾತ್ಯದ ಸಭೆಗಳಿಗೆ, ಇಸ್ಲಾಮಿಗಿಂತ ಐದು ಶತಮಾನಗಳಿಗೂ ಹೆಚ್ಚು ಮೊದಲು. ಅದು ನಮ್ಮ ವಿಶ್ವಾಸದ ಬಾಗಿಲಿಗೆ ಹಾಕುವ ಅಗುಳಿ, ಪಕ್ಕದ ಮನೆಯವರ ಮೇಲೆ ಎಸೆಯುವ ಕಲ್ಲಲ್ಲ. ಕ್ರಿಸ್ತನಲ್ಲಿ ದೇವರು ತಮ್ಮನ್ನು ಪೂರ್ತಿಯಾಗಿ ಪ್ರಕಟಿಸಿಕೊಂಡಿದ್ದಾರೆ, ಅದಕ್ಕೆ ಮೇಲೆ ಹೊಸ ಪ್ರಕಟಣೆಯನ್ನು ನಾವು ಎದುರುನೋಡುವುದಿಲ್ಲ. ಆದುದರಿಂದ ಹಿರಾ ಗುಹೆಯ ಸಂದೇಶವನ್ನು ದೈವವಾಣಿಯೆಂದು ನಾವು ಸ್ವೀಕರಿಸಲಾರೆವು. ಇದನ್ನು ಮುಸ್ಲಿಮ್ ಗೆಳೆಯರಿಂದ ಮರೆಮಾಚಬೇಕಾಗಿಲ್ಲ, ಅವರಿಗೂ ಇದು ಗೊತ್ತು. ಅದೇ ವೇಳೆ ಅವರನ್ನು ಗೌರವದಿಂದ ಕಾಣಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ನಮಗೆ ಕಲಿಸಿದೆ. ಒಪ್ಪದಿರುವುದು ಬೇರೆ, ಸುಳ್ಳು ದೂತ ಎಂದು ಹೀಯಾಳಿಸುವುದು ಬೇರೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಕುರ್‌ಆನಿನಲ್ಲಿ ‘ರೂಹುಲ್ ಖುದುಸ್’, ಅಂದರೆ ಪವಿತ್ರ ಆತ್ಮ, ಎಂಬ ಪದವಿದೆ. ಅದನ್ನು ಕಂಡು, ನೋಡಿ, ಅವರೂ ಪವಿತ್ರಾತ್ಮರನ್ನು ನಂಬುತ್ತಾರೆ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ಮುಸ್ಲಿಮ್ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಆ ಪದದಿಂದ ತಿಳಿಯುವುದು ಜಿಬ್ರೀಲ್ ದೂತನನ್ನು, ಸೃಷ್ಟಿಯಾದ ಒಬ್ಬ ಸೇವಕನನ್ನು. ನಮಗೆ ಪವಿತ್ರಾತ್ಮರು ಸೃಷ್ಟಿಯಲ್ಲ, ತ್ರಿಯೇಕ ದೇವರಲ್ಲಿ ಮೂರನೆಯ ವ್ಯಕ್ತಿ. ಪದ ಒಂದೇ ಇದ್ದ ಮಾತ್ರಕ್ಕೆ ಅರ್ಥ ಒಂದೇ ಆಗಬೇಕಾಗಿಲ್ಲ.

ನಾವೂ ಅವರೂ ಅತ್ಯಂತ ಹತ್ತಿರ ಬರುವುದು ಮಾತೆ ಮರಿಯಮ್ಮನವರ ಬಳಿ. ಇಡೀ ಕುರ್‌ಆನಿನಲ್ಲಿ ಹೆಸರು ಹೇಳಿ ಕರೆದಿರುವ ಏಕೈಕ ಸ್ತ್ರೀ ಅವರು, 19ನೆಯ ಅಧ್ಯಾಯಕ್ಕೆ ಅವರದೇ ಹೆಸರು. ಮರಿಯಮ್ಮನವರು ತಮ್ಮವರಿಂದ ದೂರವಾಗಿ ಏಕಾಂತದಲ್ಲಿದ್ದಾಗ ದೇವರು ಕಳುಹಿಸಿದ ಆತ್ಮ ಪುರುಷರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಜಿಬ್ರೀಲನೇ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮರಿಯಮ್ಮನವರು ಬೆದರಿ ದೇವರ ಮೊರೆ ಹೋಗುತ್ತಾರೆ. ತಾನು ಪ್ರಭುವಿನ ದೂತನೆಂದೂ, ನಿರ್ಮಲ ಮಗನ ವರವನ್ನು ತಂದಿರುವೆನೆಂದೂ ಅವನು ತಿಳಿಸುತ್ತಾನೆ. ಯಾವ ಪುರುಷನೂ ಮುಟ್ಟದ ತನಗೆ ಮಗುವೆಲ್ಲಿಂದ ಎಂದು ಅವರು ಕೇಳುತ್ತಾರೆ. ಇಷ್ಟರವರೆಗೆ ಲೂಕನ ಶುಭಸಂದೇಶವನ್ನೇ ಓದುತ್ತಿರುವಂತೆ ನಮಗೆ ಅನ್ನಿಸುತ್ತದೆ. ಕನ್ಯೆಯಾಗಿಯೇ ಯೇಸುವನ್ನು ಹೆತ್ತವರೆಂದು ಮುಸ್ಲಿಮರು ನಂಬುತ್ತಾರೆ. ಮರಿಯಮ್ಮನವರ ಬಗ್ಗೆ ಹಗುರವಾಗಿ ಮಾತನಾಡಿದರೆ ನಮಗಿಂತ ಮೊದಲು ಅವರಿಗೇ ಸಿಟ್ಟು ಬಂದೀತು.

ಆದರೆ ಮುಂದಿನ ಹೆಜ್ಜೆಯಲ್ಲಿ ದಾರಿ ಕವಲಾಗುತ್ತದೆ. ಕುರ್‌ಆನಿನಲ್ಲಿ ದೂತನು, ಇದು ದೇವರಿಗೆ ಸುಲಭ, ಇದು ಆಗಲೇ ನಿಶ್ಚಯವಾದ ಸಂಗತಿ ಎಂದು ಹೇಳುತ್ತಾನೆ. ಅಲ್ಲಿಂದ ಕಥೆ ನೇರವಾಗಿ ಗರ್ಭಧಾರಣೆಗೆ, ಖರ್ಜೂರದ ಮರದ ಕೆಳಗಿನ ಪ್ರಸವವೇದನೆಗೆ ಹೋಗುತ್ತದೆ. ಲೂಕನಲ್ಲಿ ಹಾಗಿಲ್ಲ. ತಾನು ಪ್ರಭುವಿನ ದಾಸಿ, ಹಾಗೆಯೇ ಆಗಲಿ ಎಂದು ಮರಿಯಮ್ಮನವರು ಒಪ್ಪಿಗೆ ಕೊಟ್ಟ ಮೇಲೆಯೇ ದೂತನು ಅಲ್ಲಿಂದ ಹೊರಡುತ್ತಾನೆ (1:38). ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಒಂದು ಪ್ರಬೋಧನೆಯಲ್ಲಿ ಈ ಗಳಿಗೆಯನ್ನೇ ಹಿಡಿದು ನಿಲ್ಲಿಸಿ, ದೂತನು ಉತ್ತರಕ್ಕಾಗಿ ಕಾಯುತ್ತಿದ್ದಾನೆ, ಆದಾಮನಿಂದ ಹಿಡಿದು ಇಡೀ ಲೋಕವೇ ಕಾಯುತ್ತಿದೆ ಎಂದು ಮರಿಯಮ್ಮನವರಲ್ಲಿ ಬೇಡಿಕೊಳ್ಳುತ್ತಾರೆ. ಮರಿಯಮ್ಮನವರ ವಿಶ್ವಾಸವನ್ನು ಕುರ್‌ಆನ್ ಕಡೆಗಣಿಸುತ್ತದೆ ಎಂದು ಇದರ ಅರ್ಥವಲ್ಲ, ದೇವರ ವಚನವನ್ನು ನಂಬಿದ ಭಕ್ತೆಯೆಂದು ಅದು ಹೊಗಳುತ್ತದೆ (66:12). ಆದರೂ ಅಲ್ಲಿ ದೂತನು ತಂದದ್ದು ತೀರ್ಮಾನ, ನಮ್ಮಲ್ಲಿ ತಂದದ್ದು ಕರೆ. ಅಲ್ಲಿ ಹುಟ್ಟುವವರು ದೇವರ ಮಹಾ ಪ್ರವಾದಿ, ಇಲ್ಲಿ ಮನುಷ್ಯರಾಗಿ ಬರುವವರು ಸ್ವತಃ ದಿವ್ಯವಾಣಿ. ಮುಸ್ಲಿಮನಿಗೆ ದೇವರ ಮಾತು ಜಿಬ್ರೀಲನ ಮೂಲಕ ಬಂದು ಗ್ರಂಥವಾಯಿತು. ನಮಗೆ ಗಬ್ರಿಯೇಲನ ಸಂದೇಶಕ್ಕೆ ಒಬ್ಬ ಯುವತಿ ಒಪ್ಪಿದಾಗ ಅದೇ ಮಾತು ಮಗುವಾಯಿತು. ಅವನು ನಮ್ಮವನೇನಾ ಎಂದು ಕೇಳಿದ ಆ ಹುಡುಗಿಗೆ ನಾನು ಹೇಳಿದ್ದಿಷ್ಟೇ: ಹೆಸರು ಅದೇ, ಮರಿಯಮ್ಮನ ಬಳಿಗೆ ಹೋದವನೆಂದು ಇಬ್ಬರೂ ಹೇಳುವುದು ಅವನನ್ನೇ. ಏನು ಹೇಳಿ ಬಂದ ಎಂಬಲ್ಲಿ ನಾವೂ ನಿನ್ನ ಗೆಳತಿಯ ಮನೆಯವರೂ ಬೇರೆಯಾಗುತ್ತೇವೆ.

ಲೆಬನಾನ್ ದೇಶದಲ್ಲಿ 2010ರಿಂದ ಮಾರ್ಚ್ 25, ನಮ್ಮ ಮಂಗಳವಾರ್ತೆಯ ಹಬ್ಬ, ಕ್ರೈಸ್ತರಿಗೂ ಮುಸ್ಲಿಮರಿಗೂ ಸೇರಿದ ರಾಷ್ಟ್ರೀಯ ರಜಾದಿನವಾಗಿದೆ. ಹದಿನೈದು ವರ್ಷಗಳ ಅಂತರ್ಯುದ್ಧದಲ್ಲಿ (1975–1990) ಒಬ್ಬರನ್ನೊಬ್ಬರು ಕೊಂದುಕೊಂಡ ಸಮುದಾಯಗಳು ಅವು. ಅಂಥವರು ಒಟ್ಟಿಗೆ ಕೂರಲು ಆರಿಸಿಕೊಂಡದ್ದು ಒಬ್ಬ ದೂತನೂ ಒಬ್ಬ ತಾಯಿಯೂ ಭೇಟಿಯಾದ ದಿನವನ್ನು.

ಕೊನೆಯದಾಗಿ ಮರಣದ ವೇಳೆಯ ದೂತರ ಬಗ್ಗೆ. ಮುಸ್ಲಿಮ್ ನೆರೆಯವರ ಶವಸಂಸ್ಕಾರಕ್ಕೆ ಹೋದವರು ಇದನ್ನು ಗಮನಿಸಿರಬಹುದು. ಮಣ್ಣು ಮುಚ್ಚಿದ ಮೇಲೂ ಕೆಲವರು ಸ್ವಲ್ಪ ಹೊತ್ತು ಸಮಾಧಿಯ ಬಳಿ ನಿಂತು ಪ್ರಾರ್ಥಿಸುತ್ತಾರೆ. ಮುನ್ಕರ್ ಮತ್ತು ನಕೀರ್ ಎಂಬ ಇಬ್ಬರು ದೂತರು ಬಂದು, ನಿನ್ನ ಪ್ರಭು ಯಾರು, ನಿನ್ನ ಧರ್ಮ ಯಾವುದು, ನಿನ್ನ ಪ್ರವಾದಿ ಯಾರು ಎಂದು ಮೃತನನ್ನು ಪ್ರಶ್ನಿಸುತ್ತಾರೆಂಬುದು ಅವರ ವಿಶ್ವಾಸ. ನಿಮ್ಮ ಸಹೋದರನಿಗೆ ಈಗ ಪ್ರಶ್ನೆಯ ಸಮಯ, ಅವನು ಸ್ಥಿರವಾಗಿರುವಂತೆ ಬೇಡಿಕೊಳ್ಳಿ ಎಂದು ಪ್ರವಾದಿಯವರು ಹೇಳಿದ್ದರಂತೆ. ಅದಕ್ಕಾಗಿಯೇ ಅವರು ಅಲ್ಲಿ ನಿಲ್ಲುತ್ತಾರೆ. ನಮ್ಮ ಅಂತ್ಯಸಂಸ್ಕಾರದಲ್ಲಿ, ಪೆಟ್ಟಿಗೆಯನ್ನು ಗುಡಿಯಿಂದ ಹೊರಗೆ ಒಯ್ಯುವಾಗ, ದೂತರು ಈ ಆತ್ಮವನ್ನು ಪರಂಧಾಮಕ್ಕೆ ಕರೆದೊಯ್ಯಲಿ ಎಂದೂ, ಹಿಂದೆ ಬಡವನಾಗಿದ್ದ ಲಾಜರನೊಡನೆ ಇವರಿಗೂ ವಿಶ್ರಾಂತಿ ಸಿಗಲಿ ಎಂದೂ ಕೋರುತ್ತೇವೆ. ಮುಂದಿನ ಸಲ ಅಂಥ ಶವಸಂಸ್ಕಾರಕ್ಕೆ ಹೋದಾಗ, ಮಣ್ಣು ಹಾಕಿದ ಕೂಡಲೇ ಹೊರಡಬೇಡಿ. ಅವರ ಜೊತೆ ಆ ಐದು ನಿಮಿಷ ಮೌನವಾಗಿ ನಿಂತು ಬನ್ನಿ.